ಮೂಗಿನ ಹೊತ್ತು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ತಂಗಿ ಸುಮಿತ್ರಾಳ ಮೇಲೆ ನನಗೆ ಹೊಟ್ಟೆಕಿಚ್ಚು. ಇತ್ತು ಅಲ್ಲ, ಇದೆ. ಅರವತ್ತು ದಾಟಿದ ಮೇಲೆ ಹೆಂಗಸರು ಇಂಥದನ್ನೆಲ್ಲ ನಕ್ಕು ಮರೆತುಬಿಡುತ್ತಾರಂತೆ. ನನಗೆ ಆ ಪುಣ್ಯ ಇನ್ನೂ ಬಂದಿಲ್ಲ. ಮೂವತ್ತು ವರ್ಷ ವೈದ್ಯಕೀಯ ಕಾಲೇಜಿನಲ್ಲಿ ಹೆಣ ಕೊಯ್ದು ಪಾಠ ಹೇಳಿದವಳು ನಾನು. ಮನುಷ್ಯನ ತಲೆಬುರುಡೆಯಲ್ಲಿ ಯಾವ ನರ ಯಾವ ತೂತಿನಿಂದ ಹಾಯುತ್ತದೆ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ. ಅವಳು ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು, ಜಮಖಂಡಿಯ ಪೇಟೆಯಲ್ಲಿ ಅಪ್ಪನ ಗಾದಿಯ ಮೇಲೆ ಕೂತು ಇವತ್ತಿಗೂ ತುಪ್ಪ ಮೂಸುತ್ತಾಳೆ. ಇಬ್ಬರಲ್ಲಿ ಯಾರು ಯಾರನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು ಅಂತ ಕೇಳಿದರೆ, ಓಣಿಯಲ್ಲಿ ಹೋಗುವವರೂ ನನ್ನನ್ನೇ ಅದೃಷ್ಟವಂತೆ ಅಂದಾರು. ಅನ್ನಲಿ ಬಿಡಿ, ಅವರಿಗೇನು ಗೊತ್ತು! ಆ ಗಾದಿಯ ಮೇಲೆ ಅಪ್ಪನ ಮಗ್ಗುಲಿಗೆ ಕೂತವಳು ಅವಳು, ನಾನಲ್ಲ.

ನಮ್ಮದು ತುಪ್ಪದ ವ್ಯಾಪಾರದ ಮನೆ. ಓಣಿಗೆ ಮುಖ ಮಾಡಿ ಅಂಗಡಿ, ಅದರ ಬೆನ್ನಿಗೆ ಪಡಸಾಲೆ, ಪಡಸಾಲೆಯ ಎಡಕ್ಕೆ ಕಿಟಕಿಯೇ ಇಲ್ಲದ ತುಪ್ಪದ ಖೋಲಿ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಸಂತೆಯ ದಿನ ಬೀಳಗಿ ಕಡೆಯ ಹೊಳೆದಂಡೆಯ ಹಳ್ಳಿಗಳಿಂದ, ರನ್ನ ಬೆಳಗಲಿಯಿಂದ, ಹಿಪ್ಪರಗಿಯಿಂದ ಹೆಣ್ಣುಮಕ್ಕಳು ಬಸ್ಸಿಳಿದು ಡಬ್ಬಿ ಹೊತ್ತುಕೊಂಡು ಬರುತ್ತಿದ್ದರು. ಅಪ್ಪ ಬೆರಳ ತುದಿಯಷ್ಟು ತುಪ್ಪ ತೆಗೆದು ಎಡಗೈಯ ಹಿಂಬದಿಗೆ ಸವರಿ, ಮೈಯ ಕಾವಿಗೆ ಕರಗುವತನಕ ಹೆಬ್ಬೆರಳಿನಿಂದ ತಿಕ್ಕಿ, ಮೂಗಿಗೆ ಹಿಡಿಯುತ್ತಿದ್ದ. ಕೂಡಲೇ ಒಮ್ಮೆ, ಸ್ವಲ್ಪ ತಡೆದು ಇನ್ನೊಮ್ಮೆ. ಮೊದಲ ಸಲದ ವಾಸನೆ ಮೋಸ ಮಾಡುತ್ತದೆ, ಎರಡನೆಯದು ಖರೆ ಹೇಳುತ್ತದೆ ಎನ್ನುತ್ತಿದ್ದ. ಕಾಸುವಾಗ ತಳ ಹಿಡಿದು ಸೀದಿದೆಯೋ, ಬೆಣ್ಣೆ ಹಳೆಯದಾಗಿ ಕಮಟು ಬಂದಿದೆಯೋ, ವನಸ್ಪತಿ ಬೆರೆತಿದೆಯೋ, ಎಲ್ಲವೂ ಆ ಎರಡು ಉಸಿರಿನಲ್ಲಿ ತಿಳಿಯಬೇಕು. ಎಮ್ಮೆ ಹತ್ತಿಕಾಳು ತಿಂದಿದೆಯೋ ಹಸಿ ಮೇವು ತಿಂದಿದೆಯೋ ಎಂಬುದನ್ನೂ ಹೇಳಿ ಹೆಂಗಸರನ್ನು ಬೆರಗುಗೊಳಿಸುತ್ತಿದ್ದ. ಅಪ್ಪ ಗೋಣು ಹಾಕಿದರೆ ಮುಗಿಯಿತು, ಆ ತುಪ್ಪದ ಬಗ್ಗೆ ಮತ್ತೆ ಯಾರೂ ಮಾತಾಡುವಂತಿಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಮದುವೆ ಹೋಳಿಗೆಗೂ, ಮುಧೋಳದ ಮಿಠಾಯಿ ಅಂಗಡಿಗೂ ನಮ್ಮ ಮನೆಯ ತುಪ್ಪವೇ ಹೋಗುತ್ತಿತ್ತು.

ಸಂತೆಯ ದಿನ ಬೆಳಗಾದಾಗಿನಿಂದ ಕೊನೆಯ ಡಬ್ಬಿ ಒಳಗೆ ಹೋಗುವತನಕದ ಹೊತ್ತಿಗೆ ನಮ್ಮ ಮನೆಯಲ್ಲಿ ‘ಮೂಗಿನ ಹೊತ್ತು’ ಎಂದೇ ಹೆಸರು. ಆ ಹೊತ್ತಿನಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಸಿಪ್ಪೆ ಕೂಡ ಸುಲಿಯುವ ಹಾಗಿಲ್ಲ. ಅವ್ವ ಮಲ್ಲಿಗೆ ಮುಡಿಯುವ ಹಾಗಿಲ್ಲ. ನಾವು ಮಕ್ಕಳು ತಲೆಗೆ ಎಣ್ಣೆ ಹಚ್ಚಿಕೊಳ್ಳದೆ, ಹಿಂದಿನ ದಿನದ ರೊಟ್ಟಿಯನ್ನು ಮೊಸರಿನಲ್ಲಿ ಅದ್ದಿಕೊಂಡು ತಿಂದು ಪಡಸಾಲೆಯಲ್ಲಿ ಸುಮ್ಮನೆ ಕೂತಿರಬೇಕು. ಆಯಿ, ಅಂದರೆ ಅಪ್ಪನ ತಾಯಿ, ಲಿಂಗಪೂಜೆಗೂ ಊದಿನಕಡ್ಡಿ ಹಚ್ಚುವಂತಿರಲಿಲ್ಲ. ಆಯಿಗೆ ತಪಕೀರದ ಚಟ ಬೇರೆ. ನಶ್ಯದ ಆ ಪುಟ್ಟ ಡಬ್ಬಿ ಆಕೆಯ ಸೊಂಟದಲ್ಲೇ ಇರುತ್ತಿತ್ತು. ವಾರಕ್ಕೊಮ್ಮೆ ಅತ್ತೆ ಸೊಸೆಗೆ ಇದೇ ಜಗಳ.

“ನಿಮ್ಮ ತುಪ್ಪದ ಸಲುವಾಗಿ ನನ್ನ ಶಿವಪ್ಪ ಬರೇ ನೀರ ಮ್ಯಾಲೆ ಕುಂತಾನ ನೋಡು.”

“ಕುಂದರ್ಲಿ ಬಿಡ್ರಿ ಅತ್ತಿ. ನೀವು ಮೊದಲ ಆ ತಪಕೀರದ ಡಬ್ಬಿ ತಗೊಂಡು ಹಿತ್ತಲಕ್ಕ ನಡೀರಿ. ಶಿವಪ್ಪ ಸಿಟ್ಟಾದ್ರ ನಡೀತೈತಿ, ನಿಮ್ಮ ಮಗಾ ಸೀನಿದ್ರ ನಡೆಯಂಗಿಲ್ಲ.”

ಇಷ್ಟೆಲ್ಲ ಕಾಯ್ದು ಇಟ್ಟ ಆ ಮೂಗು ಮುಂದೆ ನನಗೇ ಬರುತ್ತದೆ ಎಂದು ನಾನು ತಿಳಿದಿದ್ದೆ. ನಾನು ಹಿರೇ ಮಗಳು. ಗಂಡುಮಕ್ಕಳಿಲ್ಲದ ಮನೆ. ಮುಖವೂ ಅಪ್ಪನದೇ, ಉದ್ದನೆಯ, ನಡುವೆ ಸ್ವಲ್ಪ ಬಾಗಿದ ಮೂಗು. ತಂಗಿ ಸುಮ್ಮಿಯ ಮೂಗೋ, ಅವ್ವನ ಹಾಗೆ ಗುಂಡಿಯಷ್ಟು. ಹಾಗಾಗಿ ನಾನು ಅವಸರ ಮಾಡಲಿಲ್ಲ. ನನ್ನದು ನನಗೆ ಸಿಕ್ಕೇ ಸಿಗುತ್ತದೆ ಎಂದು ಕಾಲು ಚಾಚಿ ಕೂತಿದ್ದೆ.

ನನಗೆ ಹನ್ನೊಂದು, ಸುಮ್ಮಿಗೆ ಏಳು ಇದ್ದಾಗ ಅಪ್ಪ ಬಸ್ಸಿನಿಂದ ಬಿದ್ದ. ಬೀಳಗಿಯಿಂದ ತಂದ ಡಬ್ಬಿಗಳನ್ನು ಬಸ್ಸಿನ ಮೇಲಿಂದ ಇಳಿಸಲು ಹಿಂದಿನ ಏಣಿ ಹತ್ತಿದ್ದನಂತೆ. ಯಾವುದೋ ಡಬ್ಬಿ ಸೋರಿ ಏಣಿಯ ಮೆಟ್ಟಿಲಿಗೆ ತುಪ್ಪ ಇಳಿದಿತ್ತು. ಕಾಲು ಜಾರಿ ಬೆನ್ನು ಕೆಳಗಾಗಿ ಬಿದ್ದ, ತಲೆಯ ಹಿಂಬದಿ ನೆಲಕ್ಕೆ ಬಡಿಯಿತು. ನಾಲ್ಕು ಮಂದಿ ಎತ್ತಿಕೊಂಡು ಮನೆಗೆ ತಂದರು. ಡಾಕ್ಟರು ಬಂದು ನೋಡಿ, ತಲೆ ಒಡೆದಿಲ್ಲ, ಮಲಗಿರಲಿ, ಎಲ್ಲಾ ಸರಿಯಾಗುತ್ತದೆ ಎಂದು ಹೇಳಿ ಪಟ್ಟಿ ಕಟ್ಟಿ ಹೋದರು. ನನಗೆ ಆಗ ಸಾಲಿಯಲ್ಲಿ ಪರೀಕ್ಷೆ. ಸುಮ್ಮಿ ಮಾತ್ರ ಸಾಲಿ ತಪ್ಪಿಸಿ ಎಂಟು ದಿನ ಅಪ್ಪನ ಹಾಸಿಗೆ ಬಿಟ್ಟು ಏಳಲಿಲ್ಲ. ನೀರು ಕೊಡುವವಳು ಅವಳು, ಕಾಲು ಒತ್ತುವವಳು ಅವಳು, ಅಪ್ಪ ಕಣ್ಣು ಬಿಟ್ಟಾಗ ಎದುರಿಗೆ ಕಾಣುವವಳು ಅವಳು. ನಾನು ಪರೀಕ್ಷೆ ಬರೆದು ಬಂದು ಬಾಗಿಲಲ್ಲಿ ನಿಂತರೆ “ಸಾವಕಾಶ, ಸದ್ದು ಮಾಡಬ್ಯಾಡಕ್ಕಾ” ಎಂದು ನನಗೇ ಬುದ್ಧಿ ಹೇಳುತ್ತಿದ್ದಳು ಆ ಗೇಣುದ್ದದ ಹುಡುಗಿ! ಮೈಯೆಲ್ಲ ಉರಿಯುತ್ತಿತ್ತು ನನಗೆ. ಆ ವಾರವೆಲ್ಲ ಮುಖ ಗಂಟಿಕ್ಕಿಕೊಂಡು, ಯಾರು ಮಾತಾಡಿಸಿದರೂ ನೆಟ್ಟಗೆ ಉತ್ತರ ಕೊಡದೆ ಓಡಾಡಿದೆ. ಅಪ್ಪನೊಂದಿಗೂ ಅಷ್ಟೇ.

ಅಪ್ಪ ಎದ್ದು ಓಡಾಡುವಂತಾದ ಮೇಲೆ ಬಂದ ಮೊದಲ ಸಂತೆಯ ದಿನ. ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಅಪ್ಪ ಗಾದಿಯ ಮೇಲೆ ಕೂತು ಪಡಸಾಲೆಯ ಕಡೆ ತಿರುಗಿ ಕರೆದ.

“ಸುಮ್ಮೀ, ಬಾ ಬೇ ಇಲ್ಲೆ. ನನ್ನ ಬಾಜೂಕ ಕುಂದರು.”

ಅವನು ಈ ಕಡೆ ತಿರುಗಿದಾಗಲೇ ನನ್ನನ್ನು ಕರೆಯುತ್ತಾನೆಂದು ನಾನು ಅರ್ಧ ಎದ್ದಿದ್ದೆ. ಹಾಗೆಯೇ ಕೂತೆ. ಅಪ್ಪ ಹೆಂಗಸರಿಗೆ ಹೇಳಿದ.

“ಇಕಿಗೆ ವಿದ್ಯಾ ಕಲಸಾಕತ್ತೇನ್ರವ್ವಾ. ಮೊದಲ ಇಕಿ ಹೇಳ್ಲಿ, ಆಮ್ಯಾಲೆ ನಾ ಹೇಳತೇನಿ.”

ಅವತ್ತಿನಿಂದ ಅದೇ ರೂಢಿಯಾಯಿತು. ಅಪ್ಪ ಕೈಗೆ ತುಪ್ಪ ಸವರಿ, ಕಣ್ಣು ಮುಚ್ಚಿ, ಮೊದಲಿಗಿಂತ ಉದ್ದ ಉಸಿರೆಳೆದು ಮೂಸುತ್ತಿದ್ದ. ಆಮೇಲೆ ಅದೇ ಕೈಯನ್ನು ಸುಮ್ಮಿಯ ಆ ಗುಂಡಿ ಮೂಗಿಗೆ ಹಿಡಿಯುತ್ತಿದ್ದ. ಅವಳು “ಸೀದೈತಿ”, “ಛಲೋ ಐತಿ”, “ಬೆಣ್ಣಿ ಹಳೇದೈತಿ” ಅನ್ನುವಳು. ಅಪ್ಪ “ಭಲೇ ಮಗಳ!” ಎಂದು ಗೋಣು ಹಾಕುವನು. ಒಂದು ಸಲವೂ ಅವಳು ತಪ್ಪಲಿಲ್ಲ, ಒಂದು ಸಲವೂ ಅಪ್ಪ ತಿದ್ದಲಿಲ್ಲ. ಹೆಂಗಸರು ಅವಳ ಗಲ್ಲ ಹಿಡಿದು “ಅಪ್ಪನ ಮೂಗು ಮಗಳಿಗೆ ಬಂದೈತಿ ನೋಡವ್ವಾ” ಎಂದು ದೃಷ್ಟಿ ತೆಗೆಯುತ್ತಿದ್ದರು. ಅಪ್ಪನ ಮೂಗು ಬಂದದ್ದು ನನಗೆ! ಕನ್ನಡಿಯ ಮುಂದೆ ನಿಂತು ಎಷ್ಟು ಸಲ ನೋಡಿಕೊಂಡೆನೋ. ಮೂಗು ನನ್ನ ಮುಖದ ಮೇಲೆ, ಹೊಗಳಿಕೆ ಅವಳ ತಲೆಯ ಮೇಲೆ. ಕದ್ದು ತುಪ್ಪದ ಖೋಲಿಗೆ ಹೋಗಿ ಕೈಗೆ ತಿಕ್ಕಿಕೊಂಡು ನಾನೂ ಮೂಸುತ್ತಿದ್ದೆ. ಛಲೋದು, ಕೆಟ್ಟದ್ದು ನನಗೂ ತಿಳಿಯುತ್ತಿತ್ತು. ಅದನ್ನು ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಅದೇ ದಿನಗಳಲ್ಲಿ ಊಟಕ್ಕೆ ಕೂತಾಗ ಅಪ್ಪ ಅವ್ವನಿಗೆ ಹೊಸ ಜಗಳ ಶುರುವಾಯಿತು. ಅಪ್ಪ ಎಲ್ಲದಕ್ಕೂ ರಂಜಕ ಬೇಡುತ್ತಿದ್ದ. ಹಸಿ ಕೆಂಪು ಮೆಣಸಿನಕಾಯಿ ಅರೆದು ಮಾಡಿದ ಆ ಖಾರವನ್ನು ಬದನೆಕಾಯಿ ಪಲ್ಯಕ್ಕೆ, ಬೇಳೆಗೆ, ಕಡೆಗೆ ಶ್ಯಾವಿಗೆ ಉಪ್ಪಿಟ್ಟಿಗೂ ಕಲಸಿಕೊಳ್ಳುತ್ತಿದ್ದ. ಮೊದಲು ಅಡುಗೆಮನೆಯ ಬಾಗಿಲಲ್ಲೇ “ಇವತ್ತ ಪುಂಡಿಪಲ್ಯಾ ಏನು?” ಎಂದು ಹಿಗ್ಗುತ್ತಿದ್ದವನು, ಈಗ ತಾಟಿನಲ್ಲಿ ಏನಿದೆ ಎಂದು ಬಗ್ಗಿ ನೋಡಿ ಉಣ್ಣತೊಡಗಿದ.

“ನನ್ನ ಕೈ ರುಚಿ ಕೆಟ್ಟೈತೇನು? ಹಂಗಂತ ಬಾಯಿ ಬಿಟ್ಟು ಹೇಳಿಬಿಡ್ರಿ, ಅಡಗಿ ಮಾಡೂದ ಬಿಡತೇನಿ.”

“ಛಲೋ ಐತಿ. ಖಾರಾ ಸ್ವಲ್ಪ ಕಡಿಮಿ ಅನಸ್ತು, ಅಷ್ಟ.”

“ಇಷ್ಟು ಖಾರಾ ತಿಂದು ಹೊಟ್ಟಿ ತೂತ ಆಗ್ಲಿ ನಿಮಗ!”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮುಂದೆ ಕೂತುಬಿಡುತ್ತಿದ್ದಳು. ನನಗೆ ಅವ್ವನ ಮೇಲೆ ಕನಿಕರ ಬರುವುದರ ಬದಲು ಒಂಥರಾ ಸಮಾಧಾನ ಆಗುತ್ತಿತ್ತು. ಅಪ್ಪ ನನ್ನನ್ನೊಬ್ಬಳನ್ನೇ ಅಲ್ಲ, ಇವಳನ್ನೂ ದೂರ ಇಟ್ಟಿದ್ದಾನೆ ಅನ್ನಿಸುತ್ತಿತ್ತು.

ಹೀಗೇ ಐದಾರು ತಿಂಗಳು ಹೋಗಿರಬೇಕು. ಒಂದು ಸಂತೆಯ ದಿನ ಬೆಳಿಗ್ಗೆ ಆಯಿ ಸ್ನಾನಕ್ಕೆ ಹೋದಾಗ ನಾನು ಆಕೆಯ ಡಬ್ಬಿಯಿಂದ ದೊಡ್ಡ ಚಿಟಿಕೆ ತಪಕೀರ ತೆಗೆದು ಕಾಗದದಲ್ಲಿ ಕಟ್ಟಿಕೊಂಡೆ. ಸುಮ್ಮಿ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಳು.

“ಸುಮ್ಮೀ, ಇದನ್ನ ಜೋರಾಗಿ ಮ್ಯಾಲೆ ಎಳಕೋ. ಮೂಗು ಇನ್ನೂ ಚುರುಕ ಆಗತೈತಿ. ಅಪ್ಪ ಖುಷಿ ಆಗ್ತಾನ.”

ನಾನು ಹೇಳಿದೆ ಅಂತ ಅವಳು ಎಳೆದುಕೊಂಡಳು. ಹಿಂದೆ ಮುಂದೆ ನೋಡಲಿಲ್ಲ. ಶಿವನೇ, ಆ ಸೀನು! ಮೂವತ್ತೋ ನಲವತ್ತೋ, ನಾನು ಎಣಿಸುವುದನ್ನೇ ಬಿಟ್ಟೆ. ಕಣ್ಣು ಕೆಂಪಾಗಿ, ಮೂಗಿನಿಂದ ಧಾರಾಕಾರ ಸುರಿದು, ಮುಖ ಊದಿಕೊಂಡಿತು. ಅವ್ವ ಓಡಿ ಬಂದು, ಹುಡುಗಿಗೆ ನೆಗಡಿ ಬಡಿದಿದೆ ಎಂದು ಬೈದು, ಕಂಬಳಿ ಹೊದಿಸಿ ಮಲಗಿಸಿದಳು. ಸುಮ್ಮಿ ಕಂಬಳಿಯೊಳಗಿಂದ ನನ್ನನ್ನೇ ನೋಡುತ್ತಿದ್ದಳು. ಚಾಡಿ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು, ನಾಲ್ಕು ಏಟು ತಿಂದು ಲೆಕ್ಕ ಚುಕ್ತಾ ಆಗುತ್ತಿತ್ತು. ಅವಳ ಆ ಒಳ್ಳೆಯತನವನ್ನೂ ನಾನು ಸಹಿಸಲಿಲ್ಲ.

ಅಪ್ಪ ಒಳಗೆ ಬಂದು ಸುಮ್ಮಿಯನ್ನು ನೋಡಿ ನಿಂತೇಬಿಟ್ಟ. ಹೊರಗೆ ಹೆಂಗಸರು ಕಾಯುತ್ತಿದ್ದರು. ಒಮ್ಮೆ ಅವಳನ್ನು, ಒಮ್ಮೆ ಬಾಗಿಲನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಗೌರಾ, ನೀ ಬರ್ತೀಯೇನವ್ವಾ?”

ಬರ್ತೀಯಾ ಅಂತೆ! ಹಾರಿ ಹೋದೆ. ಆ ಗಾದಿ ಎಷ್ಟು ಮೆತ್ತಗಿತ್ತು, ಅಪ್ಪನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು, ಅದೆಲ್ಲ ಇವತ್ತಿಗೂ ಮೈಗೆ ನೆನಪಿದೆ. ಮೊದಲ ನಾಲ್ಕು ಡಬ್ಬಿ ಸರಿಯಾಗಿಯೇ ಹೇಳಿದೆ. ಎಲ್ಲವೂ ಛಲೋ ತುಪ್ಪ. ಆದರೆ “ಛಲೋ ಐತಿ” ಅನ್ನುವುದರಲ್ಲಿ ಏನು ದೊಡ್ಡಸ್ತಿಕೆ? ಹೆಂಗಸರು ನನ್ನನ್ನು ಹೊಗಳಲೇ ಇಲ್ಲ. “ಸಣ್ಣಾಕಿ ಎಲ್ಲಿ?” ಎಂದು ಕೇಳುತ್ತಿದ್ದರು. ನನಗೆ ಒಂದು ತಪ್ಪು ಬೇಕಿತ್ತು, ಸುಮ್ಮಿಗೂ ಸಿಗದಂಥ ಸೂಕ್ಷ್ಮ ತಪ್ಪು. ಐದನೆಯವಳಾಗಿ ಬಂದವಳು ಚನ್ನವ್ವ. ಬೀಳಗಿಯಾಚೆ ಹೊಳೆದಂಡೆಯ ಊರಿನವಳು, ಗಂಡ ಇಲ್ಲ, ಎರಡು ಎಮ್ಮೆ ಕಟ್ಟಿಕೊಂಡು ಜೀವನ ಮಾಡುವವಳು. ಆಕೆಯ ತುಪ್ಪ ಎಂದರೆ ಮೂಸದೆ ತಗೊಳ್ಳಬಹುದು ಎಂದು ಅಪ್ಪನೇ ಅನ್ನುತ್ತಿದ್ದ. ಅಪ್ಪನ ಕೈ ನನ್ನ ಮೂಗಿನ ಮುಂದೆ ಬಂತು. ಎಂಥಾ ಪರಿಮಳ! ನೊರೆ ಹಾಲಿನ, ಹದವಾಗಿ ಕಾಸಿದ ಬೆಣ್ಣೆಯ ಪರಿಮಳ. ನಾನು ಹುಬ್ಬು ಗಂಟಿಕ್ಕಿದೆ.

“ಅಪ್ಪಾ, ಇದರಾಗ ಏನೋ ಬೆರಕಿ ಐತಿ.”

ಕಟ್ಟೆಯ ಮೇಲಿನ ಹೆಂಗಸರೆಲ್ಲ ಈ ಕಡೆ ತಿರುಗಿದರು. ಚನ್ನವ್ವ ಮೊದಲು ನಕ್ಕಳು, ಹುಡುಗಿ ಚೇಷ್ಟೆ ಮಾಡುತ್ತಿದೆ ಅಂದುಕೊಂಡಳು.

“ಅಣ್ಣಾರ, ಹುಡುಗಿಗೆ ತಿಳೀಲಿಲ್ಲ. ನೀವ ಮೂಸಿ ನೋಡ್ರಿ.”

ಅಪ್ಪ ಕೈಯನ್ನು ಮೂಗಿಗೆ ಹಿಡಿದ. ಒಮ್ಮೆ ಎಳೆದ. ತಡೆದು ಇನ್ನೊಮ್ಮೆ ಎಳೆದ. ಆಮೇಲೆ ನನ್ನ ಮುಖ ನೋಡಿದ. ಈಗ ಬೈಯುತ್ತಾನೆ, ಎದ್ದು ಒಳಗೆ ಹೋಗು ಅನ್ನುತ್ತಾನೆ ಎಂದು ಕಾದೆ.

“ಹುಡುಗಿ ಹೇಳಿದ್ದು ಖರೆ ಐತಿ, ಚನ್ನವ್ವಾ. ಇವತ್ತ ಬ್ಯಾಡ, ಒಯ್ಯಿ.”

“ಬೆರಕಿ? ನಂದು? ನಿಮ್ಮ ಮೂಗಿನ ಮ್ಯಾಲೆ ಭರೋಸಾ ಇಟ್ಟು ಇಷ್ಟು ವರ್ಷ ಬ್ಯಾರೆ ಬಾಗಲಾ ತುಳಿದಿಲ್ಲರಿ ಅಣ್ಣಾ ನಾನು!”

ಆಕೆ ಡಬ್ಬಿಯ ಮುಚ್ಚಳ ಬಿಗಿದಳು. ಬಾಯಿಗೆ ಸೆರಗು ಅಡ್ಡ ಹಿಡಿದು ಮೆಟ್ಟಿಲಿಳಿದು ಹೋದಳು. ಉಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ನನ್ನ ಪರ ನಿಂತ, ನಾನು ಹೇಳಿದ್ದು ಸುಳ್ಳು ಅಂತ ಗೊತ್ತಿದ್ದೂ ನನ್ನ ಮಾತು ಉಳಿಸಿದ! ನಾನು ಆಗ ಅರ್ಥ ಮಾಡಿಕೊಂಡದ್ದು ಇಷ್ಟೇ. ಅಷ್ಟು ಸಂತೋಷ ನನಗೆ ಮುಂದೆ ಬಂಗಾರದ ಪದಕ ಬಂದಾಗಲೂ ಆಗಲಿಲ್ಲ.

ಮಧ್ಯಾಹ್ನಕ್ಕೆ ಸುಮ್ಮಿಯ ಮೂಗು ತಿಳಿಯಾಯಿತು. ಅಪ್ಪ ಊಟಕ್ಕೆ ಕೂತಾಗ ಅವಳು ಬಂದು ಅವನ ತೊಡೆಗೆ ಒರಗಿದಳು. ಅಪ್ಪ ತುಪ್ಪದ ಕೈ ಒರೆಸುವ ಪಂಚೆ ಹೆಗಲ ಮೇಲೇ ಇತ್ತು. ಅವಳು ಅದರ ತುದಿ ಹಿಡಿದು ಮೂಸಿದಳು.

“ಇದು ಚನ್ನವ್ವತ್ತಿ ತುಪ್ಪ ಅಲ್ಲೇನು? ಎಷ್ಟು ಛಂದ ಐತಿ ಅಪ್ಪಾ!”

ಅಪ್ಪನ ಕೈಯಲ್ಲಿದ್ದ ತುತ್ತು ಹಾಗೆಯೇ ತಾಟಿಗೆ ಇಳಿಯಿತು. ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಬೈಯಲಿಲ್ಲ, ಹೊಡೆಯಲಿಲ್ಲ. ಅವ್ವ ರಂಜಕದ ಬಟ್ಟಲು ತಂದಿಟ್ಟರೂ ಮುಟ್ಟಲಿಲ್ಲ. ಕೈ ತೊಳೆದು ಎದ್ದ.

ಮರುದಿನ ಬೆಳಿಗ್ಗೆ ಬೀಳಗಿಗೆ ಹೊರಟಾಗ ಕರೆದುಕೊಂಡು ಹೋದದ್ದು ನನ್ನನ್ನು. ಬಸ್ಸಿನ ದಾರಿಯ ಎರಡೂ ಕಡೆ ಕಬ್ಬು, ನಡುವೆ ಕಬ್ಬಿನ ಗಾಡಿಗಳ ಸಾಲು, ಬಸ್ಸು ನಿಂತು ನಿಂತು ಹೋಗುತ್ತಿತ್ತು. ಬೀಳಗಿಯಲ್ಲಿ ಇಳಿದು ಒಂದು ಚಕ್ಕಡಿ ಹಿಡಿದು ಚನ್ನವ್ವನ ಊರಿಗೆ ಹೋದೆವು. ಎಮ್ಮೆಗೆ ಮೇವು ಹಾಕುತ್ತಿದ್ದವಳು ನಮ್ಮನ್ನು ನೋಡಿಯೂ ನೋಡದಂತೆ ತಿರುಗಿದಳು. ಅಪ್ಪ ಅಂಗಳದಲ್ಲಿ ನಿಂತು ತಲೆಯ ಪಟಕಾ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಬರಿದಲೆಯಲ್ಲಿ ಯಾರ ಮುಂದೆಯೂ ನಿಂತದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

“ಚನ್ನವ್ವಾ, ತಪ್ಪಾತು. ಕೆಟ್ಟಿದ್ದು ನಿನ್ನ ತುಪ್ಪ ಅಲ್ಲ, ನನ್ನ ಮೂಗು.”

“ಹುಡುಗಿ ಅಂದ್ಲು, ನೀವ ಹೂಂ ಅಂದ್ರಿ.”

“ಹುಡುಗಿ ಸಣ್ಣದು. ಹೂಂ ಅಂದಾವ ನಾನು. ಆ ತುಪ್ಪ ಕೊಡು, ತಗೊಂಡ ಹೋಗತೇನಿ. ಮುಂದೂ ನಮ್ಮ ಬಾಗಲಾ ಬಿಡಬ್ಯಾಡ.”

ಆಕೆ ಉಳಿದ ಮೇವನ್ನು ಎಮ್ಮೆಯ ಮುಂದೆ ಹಾಕಿ ಮುಗಿಸಿದಳು. ಕಡೆಗೆ ಒಳಗೆ ಹೋಗಿ ಬಿಸಿ ರೊಟ್ಟಿಯ ಮೇಲೆ ಅದೇ ತುಪ್ಪ ಸುರಿದು ತಂದು ನಮ್ಮಿಬ್ಬರ ಮುಂದಿಟ್ಟಳು. ಅಪ್ಪ ತಲೆ ಬಗ್ಗಿಸಿ ತಿಂದ. ನಾನು ಮುರಿದು ಮುರಿದು ತಾಟಿನಲ್ಲೇ ಬಿಟ್ಟೆ. ಅಪ್ಪ ನನಗೋಸ್ಕರ ಇನ್ನೊಂದು ಸುಳ್ಳು ಹೇಳಿದ ಎಂದೇ ತಿಳಿದಿದ್ದೆ ನಾನು. ತಿರುಗಿ ಬರುವಾಗ ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತಾಡಿದ.

“ನೀ ಓದವ್ವಾ ಗೌರಾ. ನಿನಗ ತಲಿ ಐತಿ. ಗಾದಿ ಮ್ಯಾಲೆ ಸುಮ್ಮಿ ಕುಂದರ್ತಾಳ.”

ಬೇರೆ ಯಾವ ಮನೆಯಲ್ಲಾದರೂ ಇದು ಆಶೀರ್ವಾದ. ನನಗದು ಮನೆಯಿಂದ ಹೊರಗೆ ಹಾಕಿದ ಹಾಗಾಯಿತು. ಸುಮ್ಮಿಯನ್ನು ದಿನಕ್ಕೆ ಹತ್ತು ಸಲ ಬೈಯುತ್ತಿದ್ದ, ಖೋಡಿ ಅನ್ನುತ್ತಿದ್ದ, ಕಿವಿ ಹಿಂಡುತ್ತಿದ್ದ. ನನ್ನನ್ನು ಮಾತ್ರ ಅವತ್ತಿನಿಂದ ಬೈಯಲೇ ಇಲ್ಲ, ಪುಸ್ತಕ ಬೇಕೇ ಪೆನ್ನು ಬೇಕೇ ಎಂದು ಕೇಳುತ್ತಿದ್ದ. ನೆಂಟರ ಹುಡುಗಿಯನ್ನು ಕೇಳಿದ ಹಾಗೆ. ಸಿಟ್ಟಿಗೆ ಓದಿದೆ ನಾನು. ನನ್ನ ಓದೆಲ್ಲ ಸಿಟ್ಟಿನ ಓದು.

ಆ ಸಿಟ್ಟೇ ನನ್ನನ್ನು ಹೆಣ ಕೊಯ್ಯುವ ಕೋಣೆಯವರೆಗೆ ತಂದು ನಿಲ್ಲಿಸಿತು. ಎರಡನೆಯ ವರ್ಷವೋ ಏನೋ, ತಲೆಬುರುಡೆ ತೆರೆದು ಮಿದುಳನ್ನು ಎತ್ತುವ ದಿನ. ನಮ್ಮ ಪ್ರೊಫೆಸರರು ವಯಸ್ಸಾದವರು, ಬಹಳ ನಿಧಾನದ ಮನುಷ್ಯ. ಮಿದುಳಿನ ಮುಂಭಾಗವನ್ನು ಎರಡು ಬೆರಳಿನಿಂದ ಸ್ವಲ್ಪವೇ ಎತ್ತಿ, ಬಗ್ಗಿ ನೋಡಿ ಅಂದರು. ಮೂಗಿನ ಚಾವಣಿಯಲ್ಲಿ ಎರಡೂ ಬದಿಗೆ ಅಂಚೆಚೀಟಿಯಷ್ಟು ಅಗಲದ ಪೊರೆ ಇರುತ್ತದೆ. ವಾಸನೆ ಹಿಡಿಯುವ ಜೀವಕೋಶಗಳೆಲ್ಲ ಅಲ್ಲಿ. ಒಂದೊಂದರಿಂದ ಒಂದೊಂದು ಎಳೆ ಹೊರಡುತ್ತದೆ. ಎಳೆಗಳು ಕೂಡಿ ಒಂದೊಂದು ಬದಿಗೆ ಇಪ್ಪತ್ತರಷ್ಟು ದಾರಗಳಾಗಿ, ಮೇಲಿರುವ ಸಾಣಿಗೆಯಂಥ ತೆಳು ಮೂಳೆಯ ತೂತುಗಳಲ್ಲಿ ಹಾಯ್ದು ಬುರುಡೆಯೊಳಗೆ ಬರುತ್ತವೆ. ಆ ಸಾಣಿಗೆಯ ಮೇಲೆ ಮಿದುಳಿನದೇ ಗಡ್ಡೆಯಾಕಾರದ ಸಣ್ಣ ಭಾಗವೊಂದು ಮಲಗಿರುತ್ತದೆ. ದಾರಗಳೆಲ್ಲ ಅದಕ್ಕೆ ಸೇರುತ್ತವೆ. ಇದೇ ಘ್ರಾಣ ನರ, ಮಿದುಳಿನ ಹನ್ನೆರಡು ಜೋಡಿ ನರಗಳಲ್ಲಿ ಮೊದಲನೆಯದು. ಚಿತ್ರದಲ್ಲಿ ದಪ್ಪ ಹಗ್ಗದ ಹಾಗೆ ಬರೆದಿರುತ್ತಾರೆ. ಎದುರಿಗೆ ನೋಡಿದರೆ ಕೂದಲಿನಷ್ಟು ಸಣ್ಣ, ಮಿದುಳು ಎತ್ತುವಾಗ ಸದ್ದಿಲ್ಲದೆ ಹರಿದು ಹೋಗುತ್ತದೆ. ಎಷ್ಟೋ ಜನ ಡಾಕ್ಟರಾದರೂ ಅದನ್ನು ಕಣ್ಣಿಂದ ಕಂಡಿರುವುದಿಲ್ಲ. ಇಷ್ಟು ಹೇಳಿ ಅವರು ಮಿದುಳನ್ನು ಬೆರಳಲ್ಲಿ ಸ್ವಲ್ಪ ಹಿಂದಕ್ಕೆ ಸರಿಸಿ ತೋರಿಸಿದರು.

“ಒಬ್ಬ ಮನುಷ್ಯ ಹಿಂದಕ್ಕೆ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಯಿತು ಅಂದುಕೊಳ್ಳಿ. ಮೂಳೆ ಇದ್ದಲ್ಲೇ ಇರುತ್ತದೆ, ಒಳಗೆ ಮಿದುಳು ಜಾರುತ್ತದೆ. ಈ ದಾರಗಳು ಪಟಪಟ ಹರಿದುಹೋಗುತ್ತವೆ. ಎಂಟು ದಿನಕ್ಕೆ ಅವನು ಎದ್ದು ಓಡಾಡುತ್ತಾನೆ. ಆದರೆ ವಾಸನೆ ಹೋಗಿರುತ್ತದೆ. ಉಪ್ಪು, ಹುಳಿ, ಸಿಹಿ ನಾಲಿಗೆಗೆ ತಿಳಿಯುತ್ತದೆ. ಖಾರವೂ ತಿಳಿಯುತ್ತದೆ, ಅದು ಬೇರೆ ನರದ ಕೆಲಸ. ಊಟದ ಪರಿಮಳ ಮಾತ್ರ ಇಲ್ಲ. ಈ ಜೀವಕೋಶಗಳು ಮತ್ತೆ ಮತ್ತೆ ಹುಟ್ಟುತ್ತವೆ, ನಿಜ. ಆದರೆ ತೂತುಗಳು ಗಾಯದ ಕಲೆಯಿಂದ ಮುಚ್ಚಿಹೋದರೆ ಹೊಸ ಎಳೆಗೆ ದಾರಿ ಎಲ್ಲಿ?”

ನಾನು ಕೈಯ ಚಿಮಟ ಕೆಳಗಿಟ್ಟೆ. ಏಣಿಯಿಂದ ಬಿದ್ದದ್ದು, ಎಂಟು ದಿನ ಮಲಗಿದ್ದು, ರಂಜಕ, ಅವ್ವನ ಕಣ್ಣೀರು, ಮೊದಲು ಇಕಿ ಹೇಳಲಿ ಅಂದದ್ದು, ಚನ್ನವ್ವನ ಅಂಗಳದಲ್ಲಿ ಬರಿದಲೆಯಲ್ಲಿ ನಿಂತು ಆಡಿದ ಮಾತು. ಅಪ್ಪನಿಗೆ ವಾಸನೆಯೇ ಬರುತ್ತಿರಲಿಲ್ಲ! ಅವನು ನನ್ನ ಸುಳ್ಳನ್ನು ಉಳಿಸಲಿಲ್ಲ, ನನ್ನ ಸುಳ್ಳನ್ನು ನಂಬಿದ್ದ. ಕಣ್ಣು ಮುಚ್ಚಿ ಉಸಿರೆಳೆದದ್ದೆಲ್ಲ ನಾಟಕ. ಊರಿಗೆ ಗೊತ್ತಾದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು. ಅಯ್ಯೋ ಪಾಪ ಅನ್ನಿಸಬೇಕಿತ್ತು ನನಗೆ. ಖರೆ ಹೇಳುತ್ತೇನೆ, ಮೊದಲು ಬಂದದ್ದು ಖುಷಿ. ಹಾಗಾದರೆ ಸುಮ್ಮಿಯನ್ನು ಕರೆದದ್ದು ಪ್ರೀತಿಗಲ್ಲ, ಗತಿಯಿಲ್ಲದ್ದಕ್ಕೆ. ಏಳು ವರ್ಷದ ಕೂಸು, ಏನೂ ತಿಳಿಯುವುದಿಲ್ಲ ಅಂತ ಅವಳನ್ನು ಕೂರಿಸಿಕೊಂಡಿದ್ದಾನೆ. ನಾನು ಬುದ್ಧಿವಂತೆ, ಹಿಡಿದುಬಿಡುತ್ತೇನೆ ಎಂಬ ಅಂಜಿಕೆಗೆ ನನ್ನನ್ನು ದೂರ ಇಟ್ಟಿದ್ದಾನೆ. ಈ ಗುಟ್ಟು ಈಗ ನನ್ನೊಬ್ಬಳಿಗೇ ಗೊತ್ತು. ಅಪ್ಪನದು ಅಂತ, ಸುಮ್ಮಿಗೆ ಇಲ್ಲದ್ದು, ನನಗೆ ಕಡೆಗೂ ಒಂದು ಸಿಕ್ಕಿತ್ತು. ಅದರ ಬಗ್ಗೆ ನಾನು ಅಪ್ಪ ಇರುವತನಕ ಬಾಯಿ ಬಿಡಲಿಲ್ಲ, ಅಪ್ಪನ ಮುಂದೆಯೂ ಸಹ. ರಜೆಗೆ ಊರಿಗೆ ಹೋದಾಗ ಅವರಿಬ್ಬರೂ ಗಾದಿಯ ಮೇಲೆ ಕೂತು ಮೂಸುವುದನ್ನು ಪಡಸಾಲೆಯಿಂದ ನೋಡುತ್ತಾ, ಒಳಗೊಳಗೇ ದೊಡ್ಡವಳಾಗುತ್ತಿದ್ದೆ.

ಅಪ್ಪ ಹೋಗಿ ಬಹಳ ವರ್ಷವಾಯಿತು. ಅವ್ವ, ಆಯಿ ಯಾರೂ ಇಲ್ಲ. ಸುಮ್ಮಿಯ ತಲೆ ಬೆಳ್ಳಗಾಗಿದೆ, ಗಾದಿ ಬಿಟ್ಟಿಲ್ಲ. ಹೋದ ವರ್ಷ ಜಮಖಂಡಿಗೆ ಹೋಗಿದ್ದೆ. ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅವಳು ಒಂದು ಡಬ್ಬಿ ಮುಂದಿಟ್ಟುಕೊಂಡು ಕೈಗೆ ತುಪ್ಪ ತಿಕ್ಕುತ್ತಿದ್ದಳು. ಆ ಕೈ, ಆ ಕುತ್ತಿಗೆಯ ಓರೆ ಥೇಟು ಅಪ್ಪನದು. ನೋಡಿ ನೋಡಿ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಇವಳಿಗೆ ಹೇಳಿಬಿಡಬೇಕು, ನಿನ್ನನ್ನು ಯಾಕೆ ಕರೆದ ಅಂತ ಇವಳಿಗೆ ಗೊತ್ತಾಗಬೇಕು ಅನ್ನಿಸಿತು.

“ಸುಮ್ಮೀ, ನಿನಗೊಂದು ಮಾತು ಹೇಳೂದೈತಿ. ಬಸ್ಸಿನಿಂದ ಬಿದ್ದ ಮ್ಯಾಲೆ ಅಪ್ಪಗ ವಾಸನಿನ ಬರತಿರಲಿಲ್ಲ. ಮೂಗಿನ ನರ ಹರದಿತ್ತು.”

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಹೂಂ. ಗೊತ್ತೈತಿ.”

“ಗೊತ್ತೈತಿ? ಯಾವಾಗಿಂದ?”

“ಮೊದಲನೇ ದಿನದಿಂದ. ಅಪ್ಪ ತಾನ ಹೇಳಿದ್ದ. ಅವ್ವಗ ಆಯಿಗ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದ.”

ನಲವತ್ತು ವರ್ಷ ಕಾಪಾಡಿದ ನನ್ನ ಗುಟ್ಟು! ನಾನು ಎದ್ದು ನಿಂತುಬಿಟ್ಟೆ. ಅರವತ್ತು ದಾಟಿದ, ಮೊಮ್ಮಕ್ಕಳಿರುವ ಹೆಂಗಸು ನಡು ಪೇಟೆಯಲ್ಲಿ ಕೂಗಾಡಿದೆ.

“ಏಳು ವರ್ಷದಾಕಿಗೆ ಹೇಳ್ತಾನ, ನನಗ ಹೇಳಂಗಿಲ್ಲ? ನಾ ಹಿರೇಕಿ ಇದ್ದೆ! ನಾ ಏನು ಅವನ ಮಗಳಲ್ಲೇನು? ಎಲ್ಲಾ ನಿನಗ, ಎಲ್ಲಾ ನಿನಗ!”

ಸುಮ್ಮಿ ಕೈ ಒರೆಸಿಕೊಂಡಳು. ನನ್ನನ್ನು ನೋಡಿದಳು. ಹೇಳಬೇಕೋ ಬೇಡವೋ ಎಂದು ತೂಗುತ್ತಿರುವುದು ಅವಳ ಮುಖದಲ್ಲೇ ಕಾಣುತ್ತಿತ್ತು.

“ಅಕ್ಕಾ, ಅಪ್ಪ ಮೊದಲ ಬಂದಿದ್ದು ನಿನ್ನ ಕಡೆ.”

“ಏನು?”

“ಹಾಸಿಗಿ ಬಿಟ್ಟು ಎದ್ದ ದಿನ. ನೀ ಪಡಸಾಲ್ಯಾಗ ಪುಸ್ತಕ ಹಿಡಕೊಂಡು ಕುಂತಿದ್ದಿ. ಅಪ್ಪ ಕೈಗೆ ತುಪ್ಪ ಹಚಗೊಂಡು ಬಂದು ನಿನ್ನ ಮುಂದ ಹಿಡದ. ‘ಗೌರಾ, ಇದನ್ನೊಂದೀಟ ಮೂಸಿ ನೋಡವ್ವಾ, ಹ್ಯಾಂಗೈತಿ ಹೇಳು’ ಅಂದ. ನೀ ತಲಿ ಎತ್ತಲಿಲ್ಲ.”

“ನಾ ಏನಂದೆ?”

“ಬಿಡಕ್ಕಾ, ಸಣ್ಣಾಕಿದ್ದಿ ಆವಾಗ.”

“ಸುಮ್ಮೀ, ನಾ ಏನಂದೆ?”

“‘ಯಾಕ, ನಿನಗ ಮೂಗಿಲ್ಲೇನು?’ ಅಂದಿ.”

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

“ಅಪ್ಪ ಸ್ವಲ್ಪ ಹೊತ್ತು ಕೈ ಹಂಗ ಹಿಡಕೊಂಡು ನಿಂತಾ. ಆಮ್ಯಾಲೆ ನನ್ನ ಕಡೆ ತಿರಗಿದಾ.”

ಆ ದಿನವನ್ನು ನೆನಪಿಗೆ ತಂದುಕೊಳ್ಳಲು ವರ್ಷದಿಂದ ಪ್ರಯತ್ನ ಮಾಡುತ್ತಿದ್ದೇನೆ. ಪಡಸಾಲೆ ನೆನಪಾಗುತ್ತದೆ, ಆ ವಾರದ ಸಿಟ್ಟು ನೆನಪಾಗುತ್ತದೆ. ಅಪ್ಪ ನನ್ನ ಮುಂದೆ ಬಂದು ಕೈ ಚಾಚಿ ನಿಂತದ್ದು ಎಷ್ಟು ಮಾಡಿದರೂ ನೆನಪಿಲ್ಲ. ತಲೆ ಎತ್ತಿ ನೋಡಿದ್ದರೆ ತಾನೇ ನೆನಪಿರುವುದು.